ಕಲ್ಪನಾ: ಮನ್ನಣೆಯ ಅಳತೆಗೆ ಸಿಗದ ಅಭಿನಯ

ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನಲ್ಲಿಯೇ ತಯಾರಾಗುತ್ತಿದ್ದ ಕಾಲದಲ್ಲಿ ವೆಸ್ಟ್ ಮಾಂಬಲಂಗೆ ಸಮೀಪದ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳೇ ನಮ್ಮ ಕಲಾವಿದರ ಕರ್ಮಭೂಮಿಯಾಗಿದ್ದವು. ಆ ಪರಿಸರದಲ್ಲಿ ಬೆಳಗಿದ ಅಪೂರ್ವ ಪ್ರತಿಭೆ ಕಲ್ಪನಾ. 1943ರಲ್ಲಿ ದಕ್ಷಿಣ ಕನ್ನಡದಲ್ಲಿ ಜನಿಸಿದ ಅವರು ಬಿ. ಆರ್. ಪಂತುಲು ಅವರ ‘ಸಾಕು ಮಗಳು’ (1963) ಚಿತ್ರದಿಂದ ತೆರೆಗೆ ಬಂದರು.

ಅವರ ಶಕ್ತಿ ಪೂರ್ಣವಾಗಿ ಪ್ರಕಟವಾದುದು ಲೇಖಕಿಯರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಮೂರು ಚಿತ್ರಗಳಲ್ಲಿ. ತ್ರಿವೇಣಿಯವರ ‘ಬೆಳ್ಳಿಮೋಡ’ದ (1967) ಇಂದಿರೆ, ತನ್ನನ್ನು ಕೈಬಿಟ್ಟವನು ಮರಳಿ ಬಯಸಿದಾಗ ನಿರಾಕರಿಸುತ್ತಾಳೆ. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯ (1969) ಚಂದ್ರಾ, ಕುಲವೃತ್ತಿಯ ಕಟ್ಟಿನಿಂದ ಬಿಡಿಸಿಕೊಳ್ಳಲು ಹೆಣಗಿ ಪ್ರಾಣ ತೆರುತ್ತಾಳೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ, ಮನೋರೋಗದಿಂದ ಗುಣಹೊಂದಿದರೂ ಸುತ್ತಲಿನವರ ಶಂಕೆಯಿಂದ ಪಾರಾಗುವುದಿಲ್ಲ. ಸಂಯಮ, ವೇದನೆ, ಉನ್ಮಾದ ಮೂರನ್ನೂ ಕಲ್ಪನಾ ಸಮನಾಗಿ ಸಾಧಿಸಿದರು.

‘ಗೆಜ್ಜೆಪೂಜೆ’ಯ ಚಿತ್ರಕಥೆಗೆ ಪುಟ್ಟಣ್ಣನವರು ರಾಷ್ಟ್ರಪ್ರಶಸ್ತಿ ಪಡೆದರು, ಆ ಕಥೆಯನ್ನು ಮುಖದ ಮೇಲೆ ಹೊತ್ತ ನಟಿಗೆ ರಾಜ್ಯದ ಗೌರವಗಳು ಸಂದರೂ ರಾಷ್ಟ್ರಪ್ರಶಸ್ತಿ ಎಂದೂ ಒಲಿಯಲಿಲ್ಲ. ಮಲಯಾಳದ ‘ತುಲಾಭಾರಂ’ (1968), ‘ಸ್ವಯಂವರಂ’ (1972) ಚಿತ್ರಗಳಿಗಾಗಿ ಶಾರದಾ ಅವರು ಶ್ರೇಷ್ಠ ನಟಿಯೆನಿಸಿದುದರಿಂದ, ದಕ್ಷಿಣದ ಭಾಷೆಗಳಿಗೆ ಆ ಬಾಗಿಲು ಮುಚ್ಚಿತ್ತೆನ್ನಲಾಗದು. ಆದುದರಿಂದಲೇ ಈ ಉಪೇಕ್ಷೆ ಮತ್ತಷ್ಟು ಖೇದಕರ.

ನಾಟಕ ಪ್ರದರ್ಶನಗಳಿಗಾಗಿ ಬೆಳಗಾವಿ ಜಿಲ್ಲೆಗೆ ಹೋಗಿದ್ದ ಕಲ್ಪನಾ, 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 35 ವರ್ಷ. ಕಾದಂಬರಿಗೂ ನಿರ್ದೇಶನಕ್ಕೂ ಸಲ್ಲುತ್ತ ಬಂದಿರುವ ವಿಮರ್ಶೆಯ ಗಮನ ಈ ಅಭಿನಯಕ್ಕೂ ಪ್ರತ್ಯೇಕವಾಗಿ ಸಲ್ಲಬೇಕು. ಪ್ರಶಸ್ತಿ ಸಮಿತಿಗಳು ಉಳಿಸಿದ ಬಾಕಿಯನ್ನು ಅಧ್ಯಯನವಾದರೂ ತೀರಿಸಬೇಕು.