ಕಿಡ್ನಿಗೆ ನೀರು, ಲಿವರ್‌ಗೆ ಮರ: ಈ ಚಾರ್ಟ್‌ನ ಮೂಲಪುರುಷ ತ್ಸೌ ಯೆನ್ ಯಾರು?

ಯಿನ್ ಯೋಗದ ಆ ಚಾರ್ಟ್ ನಿಮ್ಮ ಫೋನಿಗೂ ಬಂದಿರಬಹುದು. ಐದು ಬಣ್ಣದ ಐದು ವೃತ್ತಗಳು. ಮರ ಎಂದರೆ ಲಿವರ್, ವಸಂತ, ಕೋಪ. ಬೆಂಕಿ ಎಂದರೆ ಹೃದಯ, ಬೇಸಿಗೆ. ಮಣ್ಣು ಎಂದರೆ ಗುಲ್ಮ. ಲೋಹ ಎಂದರೆ ಶ್ವಾಸಕೋಶ, ದುಃಖ. ನೀರು ಎಂದರೆ ಕಿಡ್ನಿ, ಚಳಿಗಾಲ, ಭಯ. ಪ್ರತಿಯೊಂದರ ಕೆಳಗೂ ಮೂರರಿಂದ ಐದು ನಿಮಿಷ ಅಲುಗಾಡದೆ ಇರಬೇಕಾದ ಭಂಗಿಗಳು.

ನಮ್ಮ ಮನೆಯ ಗ್ರೂಪಿಗೆ ಅದನ್ನು ಹಾಕಿದ್ದು ನನ್ನ ಚಿಕ್ಕಮ್ಮ. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತಿತ್ತು. ನೀರಿನ ತತ್ವ ಏರುಪೇರಾಗಿದೆ ಅಂದುಕೊಂಡು ಎರಡು ತಿಂಗಳು ದಿನಾ ಚಿಟ್ಟೆ ಭಂಗಿಯಲ್ಲಿ ಕೂತರು. ಮಾಡಿಸಬೇಕಿದ್ದ ರಕ್ತಪರೀಕ್ಷೆ ಮುಂದಕ್ಕೆ ಹೋಯಿತು.

ಕಿಡ್ನಿಗೆ ನೀರು ಎಂದು ಮೊದಲು ಹೇಳಿದವರು ಯಾರು, ಏನು ನೋಡಿ ಹೇಳಿದರು ಎಂದು ಹುಡುಕುತ್ತಾ ಹೋದರೆ ಸಿಗುವ ದೊಡ್ಡ ಹೆಸರು ತ್ಸೌ ಯೆನ್. ಆತ ವೈದ್ಯನಲ್ಲ. ದೊರೆಗಳಿಗೆ ಬುದ್ಧಿ ಹೇಳುತ್ತಿದ್ದ ವಿದ್ವಾಂಸ.

ಕ್ರಿ.ಪೂ. ಸುಮಾರು 305ರಿಂದ 240 ಆತನ ಕಾಲ. ಚೀನಾ ಆಗ ಒಂದು ದೇಶವಾಗಿರಲಿಲ್ಲ. ಏಳು ದೊಡ್ಡ ರಾಜ್ಯಗಳು ಒಂದನ್ನೊಂದು ನುಂಗಲು ಕಾದಾಡುತ್ತಿದ್ದವು. ಪೂರ್ವ ಕರಾವಳಿಯ ಚೀ ರಾಜ್ಯ, ಅಂದರೆ ಇಂದಿನ ಶಾನ್‌ಡಾಂಗ್ ಪ್ರಾಂತ್ಯ, ತ್ಸೌ ಯೆನ್‌ನ ಊರು. ಅದರ ರಾಜಧಾನಿ ಲಿನ್‌ಜಿಯಲ್ಲಿ ಜಿಶ್ಯಾ ಎಂಬ ವಿದ್ವಾಂಸರ ಕೂಟವಿತ್ತು. ದೊರೆಯೇ ಮನೆ, ಬಿರುದು, ಸಂಬಳ ಕೊಟ್ಟು ಪಂಡಿತರನ್ನು ಸಾಕುತ್ತಿದ್ದ. ಅವರ ಕೆಲಸ ಚರ್ಚೆ ಮಾಡುವುದು. ತ್ಸೌ ಯೆನ್ ಬೆಳಗಿದ್ದು ಅಲ್ಲಿ.

ಆತ ಬರೆದದ್ದು ಒಂದು ಲಕ್ಷ ಅಕ್ಷರಗಳಿಗೂ ಹೆಚ್ಚಂತೆ. ಅದರಲ್ಲಿ ಒಂದು ಪುಸ್ತಕವೂ ಇಂದು ಉಳಿದಿಲ್ಲ. ನಮಗೆ ಗೊತ್ತಿರುವುದು ಮುಖ್ಯವಾಗಿ ಸುಮಾರು ನೂರೈವತ್ತು ವರ್ಷಗಳ ನಂತರ ಇತಿಹಾಸಕಾರ ಸೀಮಾ ಚ್ಯೆನ್ ಬರೆದಿಟ್ಟದ್ದರಿಂದ. ತ್ಸೌ ಯೆನ್‌ನ ವಿಧಾನ ಸರಳವಾಗಿತ್ತು: ಕೈಗೆ ಸಿಗುವ ಚಿಕ್ಕ ವಿಷಯವನ್ನು ಮೊದಲು ಪರೀಕ್ಷಿಸು, ಆಮೇಲೆ ಅದನ್ನೇ ಕೊನೆಯಿಲ್ಲದಷ್ಟು ದೂರಕ್ಕೆ ಹಿಗ್ಗಿಸು. ಹೀಗೆ ಹಿಗ್ಗಿಸುತ್ತಾ ಹೋಗಿ, ಚೀನಾ ಎಂಬುದು ಇಡೀ ಜಗತ್ತಿನ 81 ಭಾಗಗಳಲ್ಲಿ ಒಂದು ಮಾತ್ರ ಎಂದ. ತಮ್ಮದೇ ಲೋಕದ ನಡುಮಧ್ಯ ಎಂದು ನಂಬಿದ್ದವರಿಗೆ ಇದು ದೊಡ್ಡ ಏಟು. ಲೆಕ್ಕ ಊಹೆಯದ್ದೇ ಆದರೂ ಆ ಧೈರ್ಯ ನನಗೆ ಇಷ್ಟವಾಯಿತು.

ಆತನಿಗೆ ಸಿಕ್ಕ ಮರ್ಯಾದೆಯನ್ನು ಸೀಮಾ ಚ್ಯೆನ್ ಸ್ವಲ್ಪ ಕಹಿಯಿಂದಲೇ ಬಣ್ಣಿಸುತ್ತಾನೆ. ವೇಯ್ ರಾಜ್ಯಕ್ಕೆ ಹೋದಾಗ ದೊರೆ ಹುಯ್ ಊರ ಹೊರಗೆ ಬಂದು ಎದುರುಗೊಂಡನಂತೆ. ಝಾವ್ ರಾಜ್ಯದಲ್ಲಿ ರಾಜಕುಮಾರನೊಬ್ಬ ಪಕ್ಕಕ್ಕೆ ಸರಿದು ನಡೆದು, ಆತ ಕೂರುವ ಚಾಪೆಯನ್ನು ತಾನೇ ಒರೆಸಿದನಂತೆ. ಉತ್ತರದ ಯಾನ್ ರಾಜ್ಯದ ದೊರೆಯಂತೂ ಪೊರಕೆ ಹಿಡಿದು ಆತನ ಮುಂದೆ ನಡೆದ, ಅರಮನೆ ಕಟ್ಟಿಸಿಕೊಟ್ಟ, ಶಿಷ್ಯರ ನಡುವೆ ಕೂತು ಪಾಠ ಕೇಳಿದ. ಕನ್‌ಫ್ಯೂಷಿಯಸ್ ಹೊಟ್ಟೆಗಿಲ್ಲದೆ ಅಲೆದಿದ್ದನ್ನು ಇತಿಹಾಸಕಾರ ಇದರ ಪಕ್ಕದಲ್ಲೇ ನೆನಪಿಸುತ್ತಾನೆ. ಇಲ್ಲೊಂದು ತೊಡಕಿದೆ. ದೊರೆ ಹುಯ್ ಸತ್ತದ್ದು ಕ್ರಿ.ಪೂ. 319ರಲ್ಲಿ, ಅಂದರೆ ತ್ಸೌ ಯೆನ್ ಹುಟ್ಟುವ ಮೊದಲೇ. ಆ ಭೇಟಿಯ ಕಥೆ ಯಾರೋ ಸೇರಿಸಿದ್ದಿರಬೇಕು. ಫಾರ್ವರ್ಡ್‌ಗಳು ಆಗಲೂ ಇದ್ದವು.

ದೊರೆಗಳು ಇಷ್ಟು ಮರುಳಾದದ್ದು ಏಕೆ? ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದರ ಮಾತು ತ್ಸೌ ಯೆನ್‌ಗಿಂತ ಹಳೆಯದು. ಆತ ಅದನ್ನು ರಾಜವಂಶಗಳಿಗೆ ಅಂಟಿಸಿದ. ಹಳದಿ ಚಕ್ರವರ್ತಿಯದ್ದು ಮಣ್ಣಿನ ಯುಗ. ಮಣ್ಣನ್ನು ಮರ ಗೆದ್ದಿತು, ಶ್ಯಾ ವಂಶ ಬಂತು. ಮರವನ್ನು ಲೋಹ ಕಡಿಯಿತು, ಶಾಂಗ್ ವಂಶ. ಲೋಹವನ್ನು ಬೆಂಕಿ ಕರಗಿಸಿತು, ಝೌ ವಂಶ. ಬೆಂಕಿಯನ್ನು ಆರಿಸುವುದು ನೀರು. ಹಾಗಾದರೆ ಮುಂದೆ ಆಳುವವನು ನೀರಿನವನು. ಪ್ರತಿಯೊಬ್ಬ ದೊರೆಗೂ ಅದು ತಾನೇ ಆಗಬೇಕಿತ್ತು.

(ನಮ್ಮ ಪಂಚಭೂತಗಳೂ ಇವೂ ಒಂದೇ ಎಂದು ಬರೆದ ಫಾರ್ವರ್ಡ್ ಕೂಡ ನೋಡಿದ್ದೇನೆ. ಅಲ್ಲ. ಚೀನಿಯರ ಐದರಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ನಮ್ಮ ಐದರಲ್ಲಿ ಮರವೂ ಇಲ್ಲ, ಲೋಹವೂ ಇಲ್ಲ. ಅವರು ಬಳಸುವ ಶಿಂಗ್ ಎಂಬ ಪದಕ್ಕೆ ನಡೆ, ಸಾಗು ಎಂಬ ಅರ್ಥವಿದೆ.)

ತ್ಸೌ ಯೆನ್‌ನ ಉದ್ದೇಶ ಬೇರೆಯೇ ಇತ್ತು ಎನ್ನುತ್ತಾನೆ ಸೀಮಾ ಚ್ಯೆನ್. ದೊರೆಗಳು ಐಷಾರಾಮದಲ್ಲಿ ಮುಳುಗಿದ್ದನ್ನು ಕಂಡು, ಕಾಲಚಕ್ರದ ಭಯ ಹುಟ್ಟಿಸಿ ಅವರನ್ನು ಹಿಡಿತಕ್ಕೆ ತರಲು ಆತ ಇದನ್ನೆಲ್ಲ ಹೇಳಿದ. ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಕರುಣೆ, ನ್ಯಾಯ, ಮಿತವ್ಯಯದ ಮಾತಿಗೇ. ದೊರೆಗಳು ಮೊದಲು ಬೆರಗಾಗಿ ಕೇಳಿದರು, ಪಾಲಿಸುವ ಹೊತ್ತಿಗೆ ಹಿಂದೆ ಸರಿದರು.

ಆತನ ಸಾವಿನ ನಂತರ ಆದದ್ದು ಇನ್ನೂ ವಿಚಿತ್ರ. ಕ್ರಿ.ಪೂ. 221ರಲ್ಲಿ ಎಲ್ಲ ರಾಜ್ಯಗಳನ್ನು ಗೆದ್ದ ಚಿನ್ ವಂಶದ ಮೊದಲ ಚಕ್ರವರ್ತಿ ತಾನೇ ಆ ನೀರಿನವನು ಎಂದು ಘೋಷಿಸಿದ. ನೀರಿನ ಬಣ್ಣ ಕಪ್ಪು, ಆದ್ದರಿಂದ ಬಟ್ಟೆ, ಬಾವುಟ ಎಲ್ಲ ಕಪ್ಪು. ನೀರಿನ ಸಂಖ್ಯೆ ಆರು, ಆದ್ದರಿಂದ ಟೋಪಿ ಆರು ಅಂಗುಲ, ರಥಕ್ಕೆ ಆರು ಕುದುರೆ. ಹಳದಿ ನದಿಯ ಹೆಸರೂ ಬದಲಾಯಿತು. ನೀರು ಕಠೋರ ಎಂದು ಶಿಕ್ಷೆಗಳೂ ಕಠೋರವಾದವು. ಕರುಣೆ, ಮಿತವ್ಯಯ ಎಲ್ಲಿ ಹೋದವೋ! ಅವನ ನಂತರ ಬಂದ ಹಾನ್ ವಂಶ ಮೊದಲು ತನ್ನದೂ ನೀರು ಎಂದಿತು, ಕ್ರಿ.ಪೂ. 104ರಲ್ಲಿ ಮಣ್ಣು ಎಂದಿತು, ಇನ್ನೂ ಆಮೇಲೆ ಬೆಂಕಿ ಎಂದಿತು. ಒಂದೇ ವಂಶ, ಮೂರು ತತ್ವ.

ದೇಹದ ಅಂಗಗಳಿಗೂ ಇದೇ ಗತಿ. ಕ್ರಿ.ಪೂ. 239ರ ಸುಮಾರಿಗೆ ಸಿದ್ಧವಾದ ಲ್ಯೂ ಶಿ ಚುನ್‌ಚ್ಯು ಎಂಬ ಗ್ರಂಥದಲ್ಲಿ ಯಾವ ಋತುವಿನ ಬಲಿಯಲ್ಲಿ ಯಾವ ಅಂಗಕ್ಕೆ ಮೊದಲ ಸ್ಥಾನ ಎಂಬ ಪಟ್ಟಿ ಇದೆ. ಅಲ್ಲಿ ವಸಂತಕ್ಕೆ ಗುಲ್ಮ, ಬೇಸಿಗೆಗೆ ಶ್ವಾಸಕೋಶ, ನಡುವೆ ಹೃದಯ, ಶರತ್ಕಾಲಕ್ಕೆ ಲಿವರ್, ಚಳಿಗಾಲಕ್ಕೆ ಕಿಡ್ನಿ. ಈಗ ಆ ಚಾರ್ಟ್ ನೋಡಿ: ಕಿಡ್ನಿಯೊಂದನ್ನು ಬಿಟ್ಟು ಉಳಿದೆಲ್ಲ ಅದಲುಬದಲು. ಹಾನ್ ಕಾಲದ ಪಂಡಿತರಲ್ಲಿ ಎರಡೂ ಪಟ್ಟಿಗಳಿಗೆ ಬೆಂಬಲಿಗರಿದ್ದರು. ಹುವಾಂಗ್‌ದಿ ನೇಯ್‌ಜಿಂಗ್ ಎಂಬ ವೈದ್ಯಗ್ರಂಥ ಒಂದನ್ನು ಆರಿಸಿಕೊಂಡಿತು, ಅದೇ ನಿಂತಿತು. ಲಿವರ್ ಮರವೋ ಲೋಹವೋ ಎಂಬುದನ್ನು ರೋಗಿಯನ್ನು ಪರೀಕ್ಷಿಸಿ ತೀರ್ಮಾನಿಸುವ ದಾರಿಯೇ ಇರಲಿಲ್ಲ.

ತ್ಸೌ ಯೆನ್ ಬಗ್ಗೆ ಇನ್ನೊಂದು ಕಥೆ ಚೀನಾದಲ್ಲಿ ಬಹಳ ಪ್ರಸಿದ್ಧ. ಯಾನ್ ರಾಜ್ಯದಲ್ಲಿ ಚಾಡಿಮಾತು ಕೇಳಿ ಆತನನ್ನು ಸೆರೆಗೆ ಹಾಕಿದರಂತೆ. ಆತ ಆಕಾಶ ನೋಡಿ ನಿಟ್ಟುಸಿರಿಟ್ಟಾಗ ನಡುಬೇಸಿಗೆಯಲ್ಲಿ ಹಿಮ ಬಿತ್ತಂತೆ. ಕ್ರಿ.ಶ. 27ರಲ್ಲಿ ಹುಟ್ಟಿದ ವಾಂಗ್ ಚುಂಗ್ ಎಂಬಾತ ಇದನ್ನು ಪ್ರಶ್ನಿಸಿದ: ಒಬ್ಬ ಮನುಷ್ಯನ ಉಸಿರು ಇಡೀ ಆಕಾಶವನ್ನು ತಣ್ಣಗಾಗಿಸಲು ಸಾಧ್ಯವೇ? ಬಡತನದಿಂದಾಗಿ ಪುಸ್ತಕದಂಗಡಿಗಳಲ್ಲಿ ನಿಂತೇ ಓದಿ ಕಲಿತವನು ಈತ. ಐದು ತತ್ವಗಳನ್ನೂ ಬಿಡಲಿಲ್ಲ. ಇಲಿ ನೀರಿನ ಪ್ರಾಣಿ, ಕುದುರೆ ಬೆಂಕಿಯ ಪ್ರಾಣಿ ಎನ್ನುತ್ತೀರಿ. ನೀರು ಬೆಂಕಿಯನ್ನು ಗೆಲ್ಲುವುದಾದರೆ ಇಲಿ ಏಕೆ ಕುದುರೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ ಎಂದು ಕೇಳಿದ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಫ್ಯಾಕ್ಟ್ ಚೆಕ್.

ಯಿನ್ ಯೋಗ ಇಷ್ಟು ಹಳೆಯದಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಪಾಲಿ ಜಿಂಕ್ ಎಂಬ ಸಮರಕಲೆಯ ಶಿಕ್ಷಕ ಕಲಿಸಲು ಶುರುಮಾಡಿದ್ದನ್ನು ಪಾಲ್ ಗ್ರಿಲಿ, ಸಾರಾ ಪವರ್ಸ್ ಮುಂದುವರಿಸಿ ಚೀನೀ ವೈದ್ಯದ ನಾಡಿಮಾರ್ಗಗಳ ಕಲ್ಪನೆಯನ್ನು ಅದಕ್ಕೆ ಜೋಡಿಸಿದರು. ನಿಧಾನವಾಗಿ ಮೈ ಚಾಚಿ ಕೂತರೆ ಸೊಂಟ, ತೊಡೆ ಸಡಿಲವಾಗುತ್ತವೆ, ಮನಸ್ಸಿಗೂ ಹಿತ. ಆ ಲಾಭಕ್ಕೆ ಐದು ತತ್ವಗಳ ಹಂಗಿಲ್ಲ. ಆದರೆ ತೊಡೆ ಚಾಚುವುದರಿಂದ ಕಿಡ್ನಿಯ ಸೋಸುವ ಶಕ್ತಿ ಹೆಚ್ಚುವುದಿಲ್ಲ. ಕಿಡ್ನಿ ಕಾಯಿಲೆ ಆರಂಭದಲ್ಲಿ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ, ಭಯವನ್ನೂ ಹುಟ್ಟಿಸುವುದಿಲ್ಲ. ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಕಾಲು ಊದಿದರೆ ವರ್ಷ ತುಂಬುವವರೆಗೂ ಕಾಯಬಾರದು.

ಚಿಕ್ಕಮ್ಮನ ಕ್ರಿಯಾಟಿನಿನ್ ಏರಿತ್ತು. ಡಾಕ್ಟರು ಬಿಪಿ ಮಾತ್ರೆ ಬದಲಿಸಿದರು, ಉಪ್ಪು ಕಡಿಮೆ ಮಾಡಿಸಿದರು. ಚಿಟ್ಟೆ ಭಂಗಿ ಬಿಡಬೇಕಾ ಎಂದು ಕೇಳಿದಾಗ ಬೇಡ, ಮಾಡಿ ಎಂದರಂತೆ. ಈಗಲೂ ಬೆಳಗ್ಗೆ ಐದು ನಿಮಿಷ ಕೂರುತ್ತಾರೆ. ಅವರೆದುರಿಗಿನ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಪರೀಕ್ಷೆಯ ದಿನಕ್ಕೆ ಕೆಂಪು ಗೆರೆ ಎಳೆದಿದೆ.