ಎಡಿಸನ್ನರ ಬ್ಯಾಟರಿ ಬಂಡಿ

ಮಕ್ಕಳೇ, ಥಾಮಸ್ ಆಲ್ವಾ ಎಡಿಸನ್ ಎಂದೊಡನೆ ನಿಮಗೆ ನೆನಪಾಗುವುದು ವಿದ್ಯುತ್ ಬಲ್ಬು ತಾನೆ? ಧ್ವನಿಯನ್ನು ಮುದ್ರಿಸಿ ಮತ್ತೆ ಕೇಳಿಸುವ ಫೋನೋಗ್ರಾಫ್ ಕೂಡ ನೆನಪಾಗಬಹುದು. ಆದರೆ ಅವರ ಬದುಕಿನ ಸುಮಾರು ಹತ್ತು ವರ್ಷಗಳನ್ನು ನುಂಗಿದ್ದು ಒಂದು ಬ್ಯಾಟರಿ ಎಂಬುದು ನಿಮಗೆ ಗೊತ್ತೆ? ಕಾರು ಮತ್ತು ಸರಕು ಬಂಡಿಗಳನ್ನು ಓಡಿಸುವುದಕ್ಕಾಗಿ ಅವರು ತಯಾರಿಸಿದ ಬ್ಯಾಟರಿ ಅದು. ಅಷ್ಟು ಕಷ್ಟಪಟ್ಟ ಎಡಿಸನ್, ಬೇಸಿಗೆಯಲ್ಲಿ ಗೆಳೆಯರೊಡನೆ ಕಾಡುಮೇಡು ಸುತ್ತಲು ಹೊರಟಾಗ ಏರಿದ್ದು ಮಾತ್ರ ಪೆಟ್ರೋಲ್ ಕಾರನ್ನು! ಹೀಗೇಕೆ? ಅವರ ಜೀವನ ಕಥೆಯಲ್ಲೇ ಇದಕ್ಕೆ ಉತ್ತರವಿದೆ. ಬನ್ನಿ, ತಿಳಿಯೋಣ.

ರೈಲಿನಲ್ಲೊಂದು ಪ್ರಯೋಗಶಾಲೆ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಿಯೊ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಬಾಲಕ ಶಾಲೆಯಲ್ಲಿ ಕಲಿತದ್ದು ತೀರಾ ಕಡಿಮೆ. ತಾಯಿ ನ್ಯಾನ್ಸಿ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಹನ್ನೆರಡನೆಯ ವಯಸ್ಸಿಗೇ ಅವನು ಪೋರ್ಟ್ ಹ್ಯೂರನ್ ಮತ್ತು ಡೆಟ್ರಾಯಿಟ್ ನಡುವೆ ಓಡುವ ರೈಲಿನಲ್ಲಿ ಪತ್ರಿಕೆ, ತಿಂಡಿ ಮಾರತೊಡಗಿದ. ಸಾಮಾನು ತುಂಬುವ ಡಬ್ಬಿಯ ಮೂಲೆಯಲ್ಲಿ ರಾಸಾಯನಿಕಗಳ ಸೀಸೆಗಳನ್ನು ಜೋಡಿಸಿ ಪ್ರಯೋಗಗಳನ್ನೂ ಮಾಡುತ್ತಿದ್ದ. ಬಾಲ್ಯದಲ್ಲೇ ಅವನ ಕಿವಿ ಮಂದವಾಯಿತು.

ಮುಂದೆ ಅವನು ತಂತಿ ಸಂದೇಶ ಕಳುಹಿಸುವ ಕೆಲಸಕ್ಕೆ ಸೇರಿದ. ಆಗಿನ ತಂತಿ ಯಂತ್ರಗಳು ನಡೆಯುತ್ತಿದ್ದುದು ಬ್ಯಾಟರಿಯ ವಿದ್ಯುತ್ತಿನಿಂದ. ಹೀಗೆ ಹದಿಹರೆಯದಲ್ಲೇ ಬ್ಯಾಟರಿಯ ಪರಿಚಯವಾಯಿತು.

ಆಮೇಲಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಬಹಳ ಹೊತ್ತು ಉರಿಯುವ ವಿದ್ಯುತ್ ಬಲ್ಬು. 1882ರಲ್ಲಿ ನ್ಯೂಯಾರ್ಕ್ ನಗರದ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರವನ್ನು ತೆರೆದು ಮನೆ, ಕಚೇರಿಗಳಿಗೆ ಬೆಳಕು ಕೊಟ್ಟರು. ಅಮೆರಿಕದಲ್ಲೇ 1093 ಪೇಟೆಂಟುಗಳು ಅವರ ಹೆಸರಿಗೆ ಸೇರಿದವು.

ಊಟದ ಮೇಜಿನಲ್ಲೊಂದು ಭೇಟಿ

1896ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಕಂಪನಿಗಳ ಒಂದು ಸಮ್ಮೇಳನ ನಡೆಯಿತು. ಡೆಟ್ರಾಯಿಟಿನ ಎಡಿಸನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಹೆನ್ರಿ ಫೋರ್ಡ್ ಎಂಬ ತರುಣ ಎಂಜಿನಿಯರ್ ಅಲ್ಲಿಗೆ ಬಂದಿದ್ದರು. ಪೆಟ್ರೋಲಿನಿಂದ ಓಡುವ ಬಂಡಿಯೊಂದನ್ನು ಅವರು ಆಗಷ್ಟೇ ತಯಾರಿಸಿದ್ದರು. ಎಡಿಸನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳಿದರು. ಫೋರ್ಡ್ ಚಿತ್ರ ಬರೆದು ವಿವರಿಸಿದರು. ಎಡಿಸನ್ನರಿಗೆ ಬಹಳ ಸಂತೋಷವಾಯಿತು. ಬ್ಯಾಟರಿ ಬಂಡಿ ವಿದ್ಯುತ್ ಕೇಂದ್ರದ ಸುತ್ತಮುತ್ತಲೇ ಇರಬೇಕು, ಬ್ಯಾಟರಿಯೋ ಬಲು ಭಾರ. ಈ ಬಂಡಿಯಾದರೆ ತನ್ನ ಶಕ್ತಿಯನ್ನು ತಾನೇ ಹೊತ್ತೊಯ್ಯುತ್ತದೆ ಎಂದು ಅವರು ಹುರಿದುಂಬಿಸಿದರೆಂದು ಫೋರ್ಡ್ ಮುಂದೆ ನೆನೆದಿದ್ದಾರೆ. ಮಕ್ಕಳೇ, ಈ ಮಾತನ್ನು ಮರೆಯಬೇಡಿ. ನಮ್ಮ ಪ್ರಶ್ನೆಯ ಉತ್ತರ ಇದರಲ್ಲೇ ಅಡಗಿದೆ.

ಸೀಸದ ಭಾರ

1900ರ ಸುಮಾರಿನಲ್ಲಿ ಅಮೆರಿಕದ ಬೀದಿಗಳಲ್ಲಿ ಮೂರು ಬಗೆಯ ಬಂಡಿಗಳು ಓಡುತ್ತಿದ್ದವು: ಉಗಿ ಬಂಡಿ, ಪೆಟ್ರೋಲ್ ಬಂಡಿ, ವಿದ್ಯುತ್ ಬಂಡಿ. ಇವುಗಳಲ್ಲಿ ಸುಮಾರು ಮೂರರಲ್ಲೊಂದು ವಿದ್ಯುತ್ ಬಂಡಿ! ಅದಕ್ಕೆ ಹೊಗೆಯಿಲ್ಲ, ಸದ್ದಿಲ್ಲ. ಪೆಟ್ರೋಲ್ ಬಂಡಿಯನ್ನು ಹೊರಡಿಸಲು ಮುಂದೆ ನಿಂತು ಕೈಹಿಡಿಯನ್ನು ಬಲವಾಗಿ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಭಯ. ವಿದ್ಯುತ್ ಬಂಡಿಗೆ ಆ ತೊಂದರೆ ಇರಲಿಲ್ಲ.

ತೊಂದರೆ ಇದ್ದದ್ದು ಬ್ಯಾಟರಿಯಲ್ಲಿ. ಅದರ ಫಲಕಗಳು ಸೀಸದವು. ಅವು ಮುಳುಗಿರುತ್ತಿದ್ದುದು ಗಂಧಕಾಮ್ಲದ ದ್ರಾವಣದಲ್ಲಿ. ಸೀಸ ಭಾರ, ಆಮ್ಲ ಲೋಹವನ್ನು ತಿನ್ನುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಡಿದರೆ ಫಲಕಗಳ ಪುಡಿ ಉದುರಿ ಬ್ಯಾಟರಿ ಹಾಳಾಗುತ್ತಿತ್ತು. ಹಗುರವಾದ, ಗಟ್ಟಿಮುಟ್ಟಾದ ಬ್ಯಾಟರಿಯೊಂದು ಬೇಕು ಎಂದು ಎಡಿಸನ್ 1899ರ ಸುಮಾರಿಗೆ ಪ್ರಯೋಗಗಳಿಗೆ ಇಳಿದರು. ಆಗ ಅವರಿಗೆ 52 ವರ್ಷ.

ಆಮ್ಲವನ್ನು ಬಿಟ್ಟು ಕ್ಷಾರವನ್ನು ಬಳಸಿದರೆ ಹೇಗೆ? ಇದು ಅವರ ಯೋಚನೆ. ಸಾವಿರಾರು ಪ್ರಯೋಗಗಳು ನಡೆದವು. ಕೊನೆಗೆ ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ನಿಕ್ಕಲ್ ಸಂಯುಕ್ತ, ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಇರುವ ಕೋಶ ಸಿದ್ಧವಾಯಿತು. 1903ರಲ್ಲಿ ಮಾರಾಟ ಆರಂಭವಾಯಿತು. ಪತ್ರಿಕೆಗಳು ಹೊಗಳಿದವು.

ಸೋತು ಗೆದ್ದದ್ದು

ಆದರೆ ಸ್ವಲ್ಪ ಕಾಲದಲ್ಲೇ ದೂರುಗಳು ಬಂದವು. ಕೆಲವು ಕೋಶಗಳ ಬೆಸುಗೆ ಬಿಟ್ಟು ದ್ರಾವಣ ಸೋರುತ್ತಿತ್ತು. ಇನ್ನು ಕೆಲವು ದಿನಕಳೆದಂತೆ ಶಕ್ತಿಗುಂದುತ್ತಿದ್ದವು. ಎಡಿಸನ್ ಏನು ಮಾಡಿದರು ಗೊತ್ತೆ? ತಯಾರಿಕೆಯನ್ನೇ ನಿಲ್ಲಿಸಿದರು, ಕೆಟ್ಟವನ್ನು ಹಿಂದಕ್ಕೆ ಪಡೆದರು. ಅಪಾರ ಹಣ ನಷ್ಟವಾಯಿತು. ಅವರು ಮತ್ತೆ ಪ್ರಯೋಗಶಾಲೆ ಸೇರಿದರು.

ದೋಷ ಎಲ್ಲಿತ್ತು? ನಿಕ್ಕಲ್ ಸಂಯುಕ್ತದ ಮೂಲಕ ವಿದ್ಯುತ್ ಚೆನ್ನಾಗಿ ಹರಿಯುತ್ತಿರಲಿಲ್ಲ. ಅದಕ್ಕೆ ಎಡಿಸನ್ ಉಪಾಯ ಹೂಡಿದರು. ತಾಮ್ರದ ತೆಳು ಪದರ, ಅದರ ಮೇಲೆ ನಿಕ್ಕಲ್ಲಿನ ತೆಳು ಪದರ, ಮತ್ತೆ ತಾಮ್ರ, ಮತ್ತೆ ನಿಕ್ಕಲ್. ಹೀಗೆ ನೂರಾರು ಪದರ ಲೇಪಿಸಿ, ಆಮೇಲೆ ತಾಮ್ರವನ್ನು ಮಾತ್ರ ಕರಗಿಸಿಬಿಟ್ಟರು. ಉಳಿದದ್ದು ಕಾಗದಕ್ಕಿಂತ ಎಷ್ಟೋ ತೆಳುವಾದ ನಿಕ್ಕಲ್ ಹಾಳೆಗಳು. ಅವುಗಳ ಚೂರುಗಳನ್ನು ನಿಕ್ಕಲ್ ಸಂಯುಕ್ತದ ಜೊತೆ ಕೊಳವೆಗಳಲ್ಲಿ ಪದರ ಪದರವಾಗಿ ತುಂಬಿದರು. ವಿದ್ಯುತ್ತಿಗೆ ಹರಿಯಲು ದಾರಿಯಾಯಿತು!

ಪರೀಕ್ಷೆಯೂ ಕಠಿಣವಾಗಿತ್ತು. ಕೋಶಗಳನ್ನು ಯಂತ್ರದಿಂದ ಲಕ್ಷಾಂತರ ಬಾರಿ ಎತ್ತಿ ಕುಕ್ಕಿದರು. ಬಂಡಿಗಳಿಗೆ ಜೋಡಿಸಿ ಕೆಟ್ಟ ರಸ್ತೆಗಳಲ್ಲಿ ಓಡಿಸಿದರು. 1909ರಲ್ಲಿ ಹೊಸ ಬ್ಯಾಟರಿ ಮಾರುಕಟ್ಟೆಗೆ ಬಂತು. ಅದನ್ನು ಪೂರ್ತಿ ಬರಿದು ಮಾಡಿದರೂ, ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೂ ಹಾಳಾಗುತ್ತಿರಲಿಲ್ಲ. ಹತ್ತಾರು ವರ್ಷ ಬಾಳುತ್ತಿತ್ತು.

ಬ್ಯಾಟರಿಗೆ ಒಗ್ಗಿದ ಕೆಲಸ

ಈ ಬ್ಯಾಟರಿಯನ್ನು ಮೆಚ್ಚಿಕೊಂಡವರು ಯಾರು? ನಗರದ ಅಂಗಡಿಗಳವರು, ಬೇಕರಿಯವರು, ಸರಕು ಸಾಗಿಸುವವರು. ಅವರ ಟ್ರಕ್ಕು ದಿನವೂ ಗೊತ್ತಾದ ಬೀದಿಗಳಲ್ಲೇ ಸುತ್ತುತ್ತದೆ. ಮನೆಮನೆಗೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ರಾತ್ರಿ ಕೊಟ್ಟಿಗೆಗೆ ಮರಳುತ್ತದೆ, ಅಲ್ಲೇ ವಿದ್ಯುತ್ ತುಂಬಿಕೊಳ್ಳುತ್ತದೆ. ಇಂಥ ಕೆಲಸಕ್ಕೆ ವಿದ್ಯುತ್ ಟ್ರಕ್ಕು ಹೇಳಿ ಮಾಡಿಸಿದಂತಿತ್ತು. ಗಣಿ ಕಾರ್ಮಿಕರ ತಲೆದೀಪಕ್ಕೆ, ರೈಲ್ವೆ ಸಿಗ್ನಲ್ಲಿಗೆ ಕೂಡ ಎಡಿಸನ್ ಬ್ಯಾಟರಿ ಬಳಕೆಯಾಯಿತು.

ಆದರೆ ಊರಿಂದ ಊರಿಗೆ ಹೋಗುವ ಕಾರುಗಳಲ್ಲಿ ಗೆದ್ದದ್ದು ಪೆಟ್ರೋಲ್. 1908ರಲ್ಲಿ ಫೋರ್ಡ್ ಅವರ ಮಾಡೆಲ್-ಟಿ ಕಾರು ಬಂತು. ಅದರ ಬೆಲೆ ವರ್ಷವರ್ಷವೂ ಇಳಿಯಿತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಜೋಡಿಸಲಾಯಿತು. ಕೈಹಿಡಿ ತಿರುಗಿಸುವ ಕಷ್ಟ ತಪ್ಪಿತು. ನೋಡಿ, ಪೆಟ್ರೋಲ್ ಕಾರನ್ನು ಗೆಲ್ಲಿಸಿದ್ದರಲ್ಲಿ ಒಂದು ಪುಟ್ಟ ಬ್ಯಾಟರಿಯ ಪಾಲೂ ಇತ್ತು! 1914ರಲ್ಲಿ ಫೋರ್ಡ್ ಮತ್ತು ಎಡಿಸನ್ ಸೇರಿ ಅಗ್ಗದ ವಿದ್ಯುತ್ ಕಾರು ತಯಾರಿಸಲು ಪ್ರಯತ್ನಿಸಿದರು. ಅದು ಮಾರುಕಟ್ಟೆಗೆ ಬರಲೇ ಇಲ್ಲ.

ಕಾಡಿನ ಡೇರೆಯಲ್ಲಿ

ಎಡಿಸನ್, ಫೋರ್ಡ್, ಟೈರ್ ತಯಾರಕ ಹಾರ್ವೆ ಫೈರ್‌ಸ್ಟೋನ್ ಮತ್ತು ನಿಸರ್ಗ ಲೇಖಕ ಜಾನ್ ಬರೋಸ್ ಒಳ್ಳೆಯ ಗೆಳೆಯರು. 1916ರಿಂದ 1924ರವರೆಗೆ ಹಲವು ಬೇಸಿಗೆಗಳಲ್ಲಿ ಈ ಗೆಳೆಯರ ಬಳಗ ಕಾರು, ಟ್ರಕ್ಕುಗಳಲ್ಲಿ ಬೆಟ್ಟಗುಡ್ಡ ಸುತ್ತಿತು. ಎಡಿಸನ್ ದಿಕ್ಸೂಚಿ ಹಿಡಿದು ಮುಂದಿನ ಕಾರಿನಲ್ಲಿ ಕೂರುತ್ತಿದ್ದರು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿಸುವುದೆಂದರೆ ಅವರಿಗೆ ಬಲು ಇಷ್ಟ. ದಣಿವಾದರೆ ಮರದ ಬುಡದಲ್ಲೇ ಮಲಗಿ ನಿದ್ರೆ ಹೋಗುತ್ತಿದ್ದರು. ಅಡುಗೆಗೆಂದೇ ಸಜ್ಜುಗೊಳಿಸಿದ ಟ್ರಕ್ಕೊಂದು ಜೊತೆಗಿತ್ತು. ಅದರಲ್ಲಿ ಒಲೆ, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲವೂ ಇದ್ದವು. ಹಳೆಯ ನೀರಿನ ಗಿರಣಿ ಕಂಡರೆ ಎಡಿಸನ್ ಮತ್ತು ಫೋರ್ಡ್ ನಿಂತು, ಆ ಹಳ್ಳದ ನೀರಿನಿಂದ ಎಷ್ಟು ಶಕ್ತಿ ಪಡೆಯಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಈ ವಾಹನಗಳು ಓಡುತ್ತಿದ್ದುದು ಪೆಟ್ರೋಲಿನಿಂದ. ಕತ್ತಲಾದ ಮೇಲೆ ಮಾತ್ರ ಎಡಿಸನ್ ಬ್ಯಾಟರಿಯ ಸರದಿ. ಅದರಿಂದ ಬಲ್ಬುಗಳು ಹೊತ್ತಿ, ಕಾಡಿನ ನಡುವೆ ಡೇರೆಗಳು ಬೆಳಗುತ್ತಿದ್ದವು.

ಲೆಕ್ಕ ಹಾಕೋಣ

ವಾಹನಕ್ಕೂ ಬ್ಯಾಟರಿ ಏಕೆ ಸಾಲಲಿಲ್ಲ? ಒಂದು ಸಣ್ಣ ಲೆಕ್ಕ ಮಾಡೋಣ. 100 ವ್ಯಾಟ್ ಬಲ್ಬು 10 ಗಂಟೆ ಉರಿದರೆ ಖರ್ಚಾಗುವ ಶಕ್ತಿ 1 ಯೂನಿಟ್. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಬಹುಪಾಲನ್ನು ಶಾಖವಾಗಿ ಕಳೆಯುತ್ತದೆ. ಚಕ್ರ ತಿರುಗಿಸಲು ಕಾಲುಭಾಗ, ಅಂದರೆ 3 ಯೂನಿಟ್ ಸಿಕ್ಕಿತೆನ್ನಿ. ಎಡಿಸನ್ ಬ್ಯಾಟರಿಯ ಒಂದು ಕಿಲೋದಲ್ಲಿ ಇರುತ್ತಿದ್ದುದು ಸುಮಾರು 0.03 ಯೂನಿಟ್ ಮಾತ್ರ. 3 ಯೂನಿಟ್ ಬೇಕಾದರೆ 100 ಕಿಲೋ ಬ್ಯಾಟರಿ ಹೊರಬೇಕು! ಒಂದು ಕಿಲೋ ಪೆಟ್ರೋಲ್ ಎಲ್ಲಿ, ನೂರು ಕಿಲೋ ಬ್ಯಾಟರಿ ಎಲ್ಲಿ?

ಇನ್ನೊಂದು ಕಾರಣವೂ ಇತ್ತು. ಪೆಟ್ರೋಲನ್ನು ಡಬ್ಬಗಳಲ್ಲಿ ತುಂಬಿ ಒಯ್ಯಬಹುದು, ಹಳ್ಳಿಯ ಅಂಗಡಿಯಲ್ಲೂ ಕೊಳ್ಳಬಹುದು. ವಿದ್ಯುತ್ತನ್ನು ಎಲ್ಲಿ ತುಂಬಿಸುವುದು? 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ಹಳ್ಳಿಮನೆಗಳಲ್ಲಿ ಸುಮಾರು ಒಂದಕ್ಕಷ್ಟೇ ವಿದ್ಯುತ್ ಇತ್ತು. ಕಾಡಿನ ಮಾತು ಹಾಗಿರಲಿ! ಸಾಲದ್ದಕ್ಕೆ, ಚಳಿಯಲ್ಲಿ ಎಡಿಸನ್ ಬ್ಯಾಟರಿಯ ಶಕ್ತಿ ಕುಗ್ಗುತ್ತಿತ್ತು.

ಇಂದು ಏನಾಗಿದೆ?

ಈಗ ಬಂದಿರುವ ಲಿಥಿಯಂ ಕೋಶಗಳ ಒಂದು ಕಿಲೋದಲ್ಲಿ ಸುಮಾರು 0.2 ಯೂನಿಟ್ ಶಕ್ತಿ ಹಿಡಿಸುತ್ತದೆ. ನೂರು ಕಿಲೋ ಹೊರೆ ಸುಮಾರು ಹದಿನೈದು ಕಿಲೋಗೆ ಇಳಿದಿದೆ. 2022ರಲ್ಲಿ ಫೋರ್ಡ್ ಕಂಪನಿಯೇ ಬ್ಯಾಟರಿಯ ದೊಡ್ಡ ಪಿಕಪ್ ಟ್ರಕ್ಕೊಂದನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಅಮೆರಿಕದಲ್ಲಿ ಡೇರೆ ಹಾಕುವವರು, ಮೀನು ಹಿಡಿಯುವವರು, ಪರವಾನಗಿ ಪಡೆದು ಬೇಟೆಯಾಡುವವರು ಇಂಥ ಟ್ರಕ್ಕುಗಳಲ್ಲಿ ಅಡವಿಗೆ ಹೋಗುತ್ತಾರೆ. (ನಮ್ಮ ದೇಶದಲ್ಲಿ 1972ರ ಕಾಯ್ದೆಯ ಪ್ರಕಾರ ವನ್ಯಪ್ರಾಣಿಗಳ ಬೇಟೆ ಅಪರಾಧ.) ವಿದ್ಯುತ್ ಟ್ರಕ್ಕು ಸದ್ದಿಲ್ಲದೆ ಸಾಗುತ್ತದೆ. ನಿಂತಲ್ಲಿಂದಲೇ ಬಲವಾಗಿ ಎಳೆಯುತ್ತದೆ. ಡೇರೆಗೆ ದೀಪವನ್ನೂ ಕೊಡುತ್ತದೆ. ಆದರೆ ಹಿಂದೆ ಭಾರದ ಗಾಡಿ ಕಟ್ಟಿ ಎಳೆಸಿದರೆ ಅದು ಓಡುವ ದೂರ ಅರ್ಧದಷ್ಟಕ್ಕೆ ಇಳಿಯಬಹುದು. ಹಿಮ ಬೀಳುವ ಚಳಿಯಲ್ಲೂ ದೂರ ಕಡಿಮೆಯಾಗುತ್ತದೆ. ಅಡವಿಯಲ್ಲಿ ಚಾರ್ಜ್ ಮಾಡುವ ಜಾಗ ಸಿಗುವುದು ಅಪರೂಪ. ಅದಕ್ಕೇ ಕೆಲವರು ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಇರುವ ಹೈಬ್ರಿಡ್ ಟ್ರಕ್ಕನ್ನು ಆರಿಸಿಕೊಳ್ಳುತ್ತಾರೆ. ಅದು ಪೆಟ್ರೋಲನ್ನು ಸುಡುತ್ತದೆ, ಹೊಗೆಯನ್ನೂ ಬಿಡುತ್ತದೆ. ಆದರೆ ದಾರಿಯಲ್ಲಿ ಕೈಕೊಡುವ ಭಯ ಕಡಿಮೆ.

ನೂರು ವರ್ಷದ ಹಿಂದೆ ಎಡಿಸನ್ ಕೇಳಿಕೊಂಡ ಪ್ರಶ್ನೆಯೇ ಇಂದಿಗೂ ಉಳಿದಿದೆ: ಬಂಡಿ ಎಲ್ಲಿಗೆ ಹೋಗಬೇಕು, ಅದಕ್ಕೆ ಶಕ್ತಿ ಎಲ್ಲಿ ಸಿಗುತ್ತದೆ? ತಾವೇ ತಯಾರಿಸಿದ್ದು ಎಂಬ ಹೆಮ್ಮೆಯಿಂದ ಅವರು ಬ್ಯಾಟರಿ ಬಂಡಿಯನ್ನು ಕಾಡಿಗೆ ಒಯ್ಯಲಿಲ್ಲ. ಬೀದಿಯ ಕೆಲಸಕ್ಕೆ ಬ್ಯಾಟರಿ, ದೂರದ ದಾರಿಗೆ ಪೆಟ್ರೋಲ್, ಡೇರೆಯ ದೀಪಕ್ಕೆ ಮತ್ತೆ ಬ್ಯಾಟರಿ. ಯಾವುದು ಎಲ್ಲಿ ಸಲ್ಲುತ್ತದೆ ಎಂದು ಅಳೆದು ನೋಡುವುದೇ ವಿಜ್ಞಾನಿಯ ಗುಣ.

ಎಡಿಸನ್ 1931ರ ಅಕ್ಟೋಬರ್ 18ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಿಕ್ಕಲ್-ಕಬ್ಬಿಣದ ಬ್ಯಾಟರಿ ಅಮೆರಿಕದಲ್ಲಿ 1975ರವರೆಗೂ ತಯಾರಾಯಿತು.

ಯೋಚಿಸಿ, ಉತ್ತರಿಸಿ

1. ನಿಮ್ಮ ಊರಿನಲ್ಲಿ ಹಾಲಿನ ವಾಹನ, ಶಾಲೆಯ ವಾಹನ, ಆಂಬುಲೆನ್ಸ್ ಓಡಾಡುವುದನ್ನು ನೋಡಿದ್ದೀರಲ್ಲ? ಇವುಗಳಲ್ಲಿ ಯಾವುದು ಬ್ಯಾಟರಿಯಿಂದ ಓಡಿದರೆ ಅನುಕೂಲ? ಕಾರಣ ಕೊಡಿ.
2. ಒಂದು ಕಿಲೋ ಬ್ಯಾಟರಿಯಲ್ಲಿ 0.2 ಯೂನಿಟ್ ಹಿಡಿಸುತ್ತದೆ. 60 ಯೂನಿಟ್ ಬೇಕಾದರೆ ಎಷ್ಟು ಕಿಲೋ ಬ್ಯಾಟರಿ ಬೇಕು?
3. ಹಳ್ಳದ ನೀರು ಅಥವಾ ಬಿಸಿಲಿನಿಂದ ಕಾಡಿನಲ್ಲಿ ಬ್ಯಾಟರಿಗೆ ವಿದ್ಯುತ್ ತುಂಬಬಹುದೆ? ಗೆಳೆಯರೊಡನೆ ಚರ್ಚಿಸಿ.