ಬೆಳಕಿನ ಮೇಲೆ ಮಾತು ಕಳಿಸಿದ ಬೆಲ್

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದ ತಕ್ಷಣ ನಮಗೆಲ್ಲ ಟೆಲಿಫೋನ್ ನೆನಪಾಗುತ್ತೆ. ಆದರೆ ಅವರು ತಮ್ಮ ಅತಿ ದೊಡ್ಡ ಆವಿಷ್ಕಾರ ಅಂದುಕೊಂಡಿದ್ದು ಫೋಟೊಫೋನನ್ನು. ತಂತಿಯಿಲ್ಲದೆ, ಬೆಳಕಿನ ಮೇಲೆ ಮಾತು ಕಳಿಸುವ ಸಾಧನ ಅದು.

1847ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಬೆಲ್ ಅವರ ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮುಂದೆ ಮದುವೆಯಾದ ಮೇಬಲ್ ಅವರಿಗೂ ಕೇಳಿಸುತ್ತಿರಲಿಲ್ಲ. ಬೋಸ್ಟನ್‌ನಲ್ಲಿ ಬೆಲ್ ಕಿವುಡ ಮಕ್ಕಳ ಮೇಷ್ಟ್ರು. ಹಾಗಾಗಿ ಮಾತು ಅಂದ್ರೆ ಗಾಳಿಯಲ್ಲಿ ಎಂಥ ಅಲೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1876ರ ಮಾರ್ಚ್ 7ರಂದು ಟೆಲಿಫೋನ್ ಪೇಟೆಂಟ್ ಸಿಕ್ಕಿತು. ಆಮೇಲೆ ಶುರುವಾಯ್ತು ಕೋರ್ಟು ಕಚೇರಿ ಅಲೆದಾಟ! ಜರ್ಮನಿಯ ಫಿಲಿಪ್ ರೈಸ್ 1861ರಲ್ಲೇ ಇಂಥದ್ದು ಮಾಡಿದ್ದರು, ಇದರಲ್ಲಿ ಹೊಸದೇನಿದೆ ಅಂತ ಎದುರಾಳಿಗಳು ಕೇಳಿದರು. ಪೇಟೆಂಟ್ ಭಾಷೆಯಲ್ಲಿ ಇದಕ್ಕೆ ಪ್ರಯರ್ ಆರ್ಟ್ ಅಂತಾರೆ. ಅದೇ ವಿಷಯ ಮೊದಲೇ ಲೋಕಕ್ಕೆ ಗೊತ್ತಿದ್ದರೆ ಪೇಟೆಂಟ್ ಬಿದ್ದುಹೋಗುತ್ತೆ.

ಮೇಲ್ಮನವಿಗಳು ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದವು. 1888ರ ಮಾರ್ಚ್‌ನಲ್ಲಿ ಬಂದ ತೀರ್ಪಿನ ತಿರುಳು ನಮ್ಮ ಸಿಗ್ನಲ್ಸ್ ಕ್ಲಾಸಿನ ಪಾಠದ ಹಾಗೇ ಇದೆ. ರೈಸ್ ಯಂತ್ರ ಸ್ವಿಚ್ ತರ ಕರೆಂಟನ್ನು ಕಡಿದು ಕಡಿದು ಕಳಿಸುತ್ತಿತ್ತು. ಅದರಲ್ಲಿ ರಾಗದ ಶ್ರುತಿ ಹೋಗುತ್ತೆ, ಮಾತಿನ ಅಲೆಯ ಆಕಾರ ಹೋಗಲ್ಲ. ಬೆಲ್ ಕರೆಂಟನ್ನು ಕಡಿಯದೆ, ದನಿಯ ಜೊತೆಗೇ ಏರಿಳಿಸಿದರು. ಹಾಗಾಗಿ ರೈಸ್ ಮೊದಲಿಗರಾದರೂ ಅವರ ಯಂತ್ರ ಬೆಲ್ ಪೇಟೆಂಟಿಗೆ ಅಡ್ಡ ಬರಲಿಲ್ಲ. ಪೆನ್ಸಿಲ್ವೇನಿಯಾದ ಮೆಕ್ಯಾನಿಕ್ ಡೇನಿಯಲ್ ಡ್ರಾಬಾ ವಿಷಯದಲ್ಲಿ ಮಾತ್ರ ನ್ಯಾಯಮೂರ್ತಿಗಳು ಒಡೆದರು. ಟೆಲಿಫೋನ್ ಮೊದಲು ಮಾಡಿದ್ದು ಅವರೇ ಅಂತ ಮೂವರು ನಂಬಿದರು, ನಾಲ್ವರು ನಂಬಲಿಲ್ಲ. ಒಬ್ಬರು ಆ ಕಡೆ ವಾಲಿದ್ದರೆ ಬೆಲ್ ಕಥೆ ಮುಗಿದಿತ್ತು.

ಈ ಜಗಳಗಳ ನಡುವೆಯೇ, 1880ರಲ್ಲಿ, ಬೆಲ್ ತಮ್ಮ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ಜೊತೆ ಅದೇ ಉಪಾಯವನ್ನು ಬೆಳಕಿಗೂ ಹಚ್ಚಿದರು. ದನಿಗೆ ತೆಳು ಕನ್ನಡಿ ಅದುರುತ್ತೆ, ಅದರ ಮೇಲೆ ಬಿದ್ದ ಬಿಸಿಲು ಏರಿಳಿಯುತ್ತೆ. ಆಚೆ ತುದಿಯಲ್ಲಿ ಸೆಲೆನಿಯಂ ಮೇಲೆ ಆ ಬೆಳಕು ಬಿದ್ದಾಗ ಅದರ ರೆಸಿಸ್ಟೆನ್ಸ್ ಬದಲಾಗಿ ಫೋನಿನಲ್ಲಿ ಮಾತು ಕೇಳಿಸುತ್ತೆ. ಸೆಲೆನಿಯಂನ ಈ ಗುಣವನ್ನು 1873ರಲ್ಲೇ ವಿಲೋಬಿ ಸ್ಮಿತ್ ಪ್ರಕಟಿಸಿದ್ದರು. ಗುಣ ಹಳೆಯದು, ಅದರಿಂದ ಮಾತಾಡಿಸಿದ್ದು ಹೊಸದು. ವಾಷಿಂಗ್ಟನ್ನಿನ ಶಾಲೆಯೊಂದರ ಮಾಳಿಗೆಯಿಂದ ಟೇಂಟರ್ ಮಾತಾಡಿ, ಕೇಳಿಸಿದರೆ ಹ್ಯಾಟ್ ಬೀಸಿ ಅಂದರು. ಸುಮಾರು 213 ಮೀಟರ್ ದೂರದ ಲ್ಯಾಬಿನ ಕಿಟಕಿಯಲ್ಲಿ ಬೆಲ್ ಹ್ಯಾಟ್ ಬೀಸಿದರು. ಆ ಖುಷಿಗೆ, ಆಗಷ್ಟೇ ಹುಟ್ಟಿದ ಮಗಳಿಗೂ ಫೋಟೊಫೋನ್ ಅಂತಲೇ ಹೆಸರಿಡೋಕೆ ಹೊರಟಿದ್ದರಂತೆ! ಸದ್ಯ, ಮೇಬಲ್ ಒಪ್ಪಲಿಲ್ಲ. ಮಗು ಮೇರಿಯನ್ ಆಗಿ ಬೆಳೆಯಿತು.

ಆ ವರ್ಷದ ಡಿಸೆಂಬರ್‌ನಲ್ಲಿ ಇದಕ್ಕೂ ಪೇಟೆಂಟ್ ಬಂತು. ಆದರೆ ಮೋಡ ಬಂದರೆ, ಮಳೆ ಹನಿದರೆ ಮಾತು ಬಂದ್. ಬೆಲ್ 1922ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಬೆಳಕನ್ನು ಮಳೆಗೆ ಸಿಗದ ಹಾಗೆ ಗಾಜಿನ ಎಳೆಯೊಳಗೆ ದೂರ ಕಳಿಸುವ ಫೈಬರ್ ಬರೋಕೆ 1970 ಆಗಬೇಕಾಯ್ತು.